ಸೊನ್ನೆ ಹಾಕದ ಅಂಗಡಿ

ಅವರ ಅಂಗಡಿಯಲ್ಲಿ ಕೂತು "ಇಲ್ಲ" ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಗಿರಾಕಿ ಬಂದು ನವಿಲುಗರಿ ಬಣ್ಣದ ಸೀರೆ ಕೇಳಿದರು ಅನ್ನಿ. ಬೀರುವಿನಲ್ಲಿ ಆ ಬಣ್ಣದ್ದು ಒಂದೂ ಇರುವುದಿಲ್ಲ. ಆದರೂ ಅವರು ಮುಖದ ಮೇಲೆ ಒಂದು ಗೆರೆ ಅಲ್ಲಾಡಿಸದೆ, "ಮಗ್ಗದ ಮ್ಯಾಲೈತೆ ಕಣಮ್ಮಾ, ಬರ್ತಾ ಐತೆ" ಎನ್ನುವರು. ಅದನ್ನು ಸುಳ್ಳು ಅನ್ನುವಂತಿಲ್ಲ. ಅದೇ ದಿನ ಸಂಜೆ ನೇಕಾರರ ಬೀದಿಗೆ ಹೋಗಿ ಆ ಬಣ್ಣದ ರೇಷ್ಮೆ ನೂಲು ಕೊಟ್ಟು ಬರುವರು. ವ್ಯಾಪಾರದ ಜಾಗದಲ್ಲಿ ಇಲ್ಲ ಅಂದರೆ ಲಕ್ಷ್ಮಿ ಕೇಳಿಸಿಕೊಂಡು ಎದ್ದು ಹೋಗುತ್ತಾಳೆ ಅನ್ನುವುದು ಅವರ ಅತ್ತೆ ಕಲಿಸಿದ್ದಂತೆ. ಅತ್ತೆ ಹೋದರು, ಗಂಡನೂ ಹೋದರು, ಅಂಗಡಿ ಇವರ ಕೈಗೆ ಬಂತು, ಜೊತೆಗೆ ಈ ಪದ್ಧತಿಯೂ ಬಂತು.

ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ನಾವು ಚಳ್ಳಕೆರೆಯವರು, ಮನೆಯಲ್ಲಿ ಉರ್ದು. ನಮ್ಮ ಅಬ್ಬಾ ಬಳ್ಳಾರಿ ರಸ್ತೆಯ ಪಕ್ಕದಲ್ಲಿ ಎಣ್ಣೆ ಮಿಲ್ಲುಗಳ ಯಂತ್ರ ರಿಪೇರಿ ಮಾಡುವ ಶೆಡ್ಡು ಇಟ್ಟಿದ್ದರು. ಸಂಜೆ ಬಾಗಿಲು ಹಾಕುವಾಗ ಅವರೂ ಬಂದ್ ಮಾಡು ಅನ್ನುತ್ತಿರಲಿಲ್ಲ, "ದುಕಾನ್ ಬಢಾವ್" ಅನ್ನುತ್ತಿದ್ದರು, ಅಂಗಡಿ ಬೆಳೆಸು ಅಂತ. ಅಂಥ ಮನೆಯಲ್ಲಿ ಬೆಳೆದವನಿಗೆ ಈ ಮೊಳಕಾಲ್ಮೂರಿನ ಅಕ್ಕನ ಮಾತು ಅರ್ಥವಾಗದೆ ಏನು? ಅರ್ಥವಾದದ್ದೇ ತಪ್ಪಾಯಿತೋ ಏನೋ. ಅರ್ಥವಾಗದವನಾಗಿದ್ದರೆ ಇನ್ನೊಂದಿಷ್ಟು ಜಗಳವಾಡುತ್ತಿದ್ದೆ.

ಅವರನ್ನು ನಾನು ಅಕ್ಕ ಅನ್ನುತ್ತಿದ್ದೆ. ವಯಸ್ಸಿನಲ್ಲಿ ನಮ್ಮ ಅಮ್ಮಿಯಷ್ಟೇ ಇದ್ದರು, ಆದರೆ ಮೊದಲ ದಿನ ಬಾಯಿಗೆ ಬಂದದ್ದು ಹಾಗೇ ನಿಂತಿತು. ಅವರು ನನ್ನನ್ನು ತಮ್ಮಾ ಎನ್ನುವರು. ಗಟ್ಟಿಮುಟ್ಟಾದ ಹೆಂಗಸು. ಹಣೆಯಲ್ಲಿ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೈಮೇಲೆ ಯಾವಾಗಲೂ ನೂಲಿನ ಸೀರೆ. ಇಷ್ಟು ರೇಷ್ಮೆ ಇಟ್ಟುಕೊಂಡು ನೀವು ಒಂದಾದರೂ ಉಡಬಾರದೇ ಅಂತ ಒಮ್ಮೆ ಕೇಳಿದೆ. "ನಾನು ರೇಷ್ಮೆ ಉಟ್ಕಂಡ್ ಕೂತ್ರೆ ಗಿರಾಕಿ ಸೀರೆ ನೋಡ್ದೆ ನನ್ನ ನೋಡ್ತಾರೆ. ಆಮೇಲೆ ಅದೇ ಬೇಕು ಅಂತಾರೆ. ಬಿಚ್ಚಿ ಕೊಡ್ಲಾ?" ಅಂದರು. ಅವರ ಮಾತೇ ಹೀಗೆ. ನಗದೆ ಹೇಳುವರು, ನಾವು ನಕ್ಕರೆ ಏನಾಯಿತು ಎಂಬಂತೆ ನೋಡುವರು.

ಹೊಸ ಸೀರೆ ಬಂದರೆ ಅವರು ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಮಡಿಕೆಯೊಳಗೆ ಅಂಗೈ ಹಿಂಭಾಗವನ್ನು ತೂರಿಸಿ ಒಂದು ಗಳಿಗೆ ಸುಮ್ಮನಿರುವರು. ಮಗುವಿಗೆ ಜ್ವರ ಇದೆಯಾ ಅಂತ ನೋಡುವ ಹಾಗೆ. ಆಮೇಲೆ, "ಇದು ಮಗ್ಗದಾಗೆ ಲಕ್ಷ್ಮಮ್ಮಾರ ಕೈ ಬಿದ್ದಿರೋದು," "ಇದನ್ನ ನೇಯೋವಾಗ ಮನೇಲಿ ಏನೋ ಜಗಳ ಆಗೈತೆ" ಅಂತ ಹೇಳುವರು. ನಿಜವೋ ಸುಳ್ಳೋ, ಎದುರಿಗೆ ಕೂತ ನೇಕಾರರು ತಲೆ ತಗ್ಗಿಸಿ ನಗುವುದನ್ನು ನಾನೇ ನೋಡಿದ್ದೇನೆ. ನೇಯುವವರಿಗೆ ಅವರು ಏಕವಚನ ಬಳಸಿದ್ದನ್ನು ಮಾತ್ರ ಕೇಳಿಲ್ಲ. ನನಗೆ ಏಕವಚನ, ಬ್ಯಾಂಕಿನ ಮ್ಯಾನೇಜರಿಗೂ ಸಿಟ್ಟು ಬಂದರೆ ಏಕವಚನ, ನೇಕಾರರಿಗೆ ನೀವು.

ಅವರು ನನ್ನ ಹತ್ತಿರ ಬಂದದ್ದು ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದಾಗ. ನಾನು ಅಬ್ಬಾನ ಶೆಡ್ಡಿನ ಮುಂದಿನ ಭಾಗಕ್ಕೆ ಗೋಡೆ ಎಬ್ಬಿಸಿ ಕಂಪ್ಯೂಟರ್ ಸೆಂಟರ್ ತೆರೆದಿದ್ದೆ. ಒಳಗೆ ಟೈಪಿಂಗು, ಹೊರಗೆ ಸುತ್ತಿಗೆ ಸದ್ದು. ಲಗ್ನಪತ್ರಿಕೆ, ಕರಪತ್ರ, ಕೋರ್ಟಿನ ಕಾಗದ, ಹೀಗೆ ನನ್ನ ಬದುಕು. ಇಂಟರ್ನೆಟ್ ಇದ್ದದ್ದು ಟೆಲಿಫೋನ್ ತಂತಿಯದು. ಅದು ಕೀರಲು ದನಿ ತೆಗೆದು ಹತ್ತಿಕೊಳ್ಳುವಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು, ಬರುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು. ಅಂಥ ಅಂಗಡಿಗೆ ಅಕ್ಕ ಕೈಯಲ್ಲಿ ಬಟ್ಟೆ ಚೀಲ ಹಿಡಿದು ಬಂದು, ಸ್ಟೂಲಿನ ಮೇಲೆ ಕೂತು, "ಇಂಟರ್ನೆಟ್ನಾಗೆ ಅಂಗಡಿ ಇಡ್ತಾರಂತಲ್ಲ, ನಂಗೊಂದು ಇಟ್ಕೊಡು" ಅಂದರು.

ಯಾಕೆ ಬೇಕು ಅಂತ ಕೇಳಿದೆ. ಆಗ ಅಂಜಿನಪ್ಪನ ವಿಷಯ ಹೇಳಿದರು.

ಅಂಜಿನಪ್ಪ, ಅವನ ಹೆಂಡತಿ ಲಕ್ಷ್ಮಮ್ಮ. ತೆಲುಗು ಮನೆಮಾತಿನ ನೇಕಾರರು. ನೆಲದ ಗುಂಡಿಯೊಳಗೆ ಕಾಲು ಬಿಟ್ಟು ಕೂರುವ ಅವರ ಗುಂಡಿಮಗ್ಗದಲ್ಲಿ ಮೂರು ಲಾಳಿ ಓಡುತ್ತಿದ್ದವು. ಸೀರೆಯ ಒಡಲು ಒಂದು ಬಣ್ಣ, ಎರಡೂ ಅಂಚು ಬೇರೆ ಬಣ್ಣ, ಒಂದರ ಬಣ್ಣ ಇನ್ನೊಂದಕ್ಕೆ ಸೋಕಬಾರದು. ಅದನ್ನು ಒಬ್ಬರೇ ನೇಯಲಾಗುವುದಿಲ್ಲ, ಇಬ್ಬರು ಪಕ್ಕಪಕ್ಕ ಕೂತು ಒಬ್ಬರ ಕೈಯಿಂದ ಒಬ್ಬರ ಕೈಗೆ ಲಾಳಿ ದಾಟಿಸಬೇಕು. ಒಂದು ಸೀರೆಗೆ ಹದಿನೈದು ದಿನವಾದರೂ ಬೇಕು. ಹಿಂದೆ ಆ ಬೀದಿಯಲ್ಲಿ ಎಷ್ಟೋ ಮನೆಯಲ್ಲಿ ಇಂಥ ಮಗ್ಗ ಇದ್ದವಂತೆ. ಪವರ್‌ಲೂಮಿನ ನಕಲು ಸೀರೆ ಅಗ್ಗಕ್ಕೆ ಬಂದ ಮೇಲೆ ಒಂದೊಂದೇ ನಿಂತವು. ಅಕ್ಕನ ಸೀರೆ ಕೊಳ್ಳುತ್ತಿದ್ದ ಬೆಂಗಳೂರಿನ ಒಂದು ದೊಡ್ಡ ಅಂಗಡಿಯವರೂ ಇನ್ನು ಬೇಡ ಅಂದುಬಿಟ್ಟಿದ್ದರು. ಉಳಿದದ್ದು ಅಂಜಿನಪ್ಪನ ಮಗ್ಗ ಒಂದೇ. ಅದಕ್ಕೂ ಕೆಲಸ ಇಲ್ಲದೆ, ಮರವನ್ನು ಮಾರಿಬಿಡುತ್ತೇನೆ ಅಂತ ಅವನು ಬಂದು ಹೇಳಿದ್ದ.

"ನಿಮ್ಮ ಮಗ್ಗ ನಿಲ್ಲಾಕೆ ಬಿಡಲ್ಲ ಅಂತ ಮಾತು ಕೊಟ್ಟೀನಿ," ಅಂದರು ಅಕ್ಕ. "ಕೊಟ್ಟಾಗ ಹೆಂಗೆ ಅಂತ ಗೊತ್ತಿರ್ಲಿಲ್ಲ. ಈಗ್ಲೂ ಗೊತ್ತಿಲ್ಲ. ಅದಕ್ಕೇ ನಿನ್ನತ್ರ ಬಂದೀನಿ."

ಇಷ್ಟು ಭಾರದ ಮಾತನ್ನು ನನ್ನ ಸ್ಟೂಲಿನ ಮೇಲೆ ಕೂತು ಹೇಳಿದರು. ನಾನು ಆಗ ಮೂವತ್ತು ತುಂಬದ ಹುಡುಗ, ಪುಸ್ತಕ ನೋಡಿಕೊಂಡು ನಾಲ್ಕು ಪುಟದ ವೆಬ್‌ಸೈಟ್ ಮಾಡಲು ಕಲಿತಿದ್ದವನು. ಆಗಲ್ಲ ಅನ್ನಲು ನನಗೂ ಬಾಯಿ ಬರಲಿಲ್ಲ.

ಅಂಗಡಿ ಎಲ್ಲಿ ಇಡುವುದು ಅನ್ನುವುದೇ ಮೊದಲ ತಲೆನೋವು. ಬೆಂಗಳೂರಿನ ಕಂಪನಿಯೊಂದು ನಾವೇ ಎಲ್ಲ ಕಟ್ಟಿಕೊಡುತ್ತೇವೆ ಅಂತ ಒಂದು ದರ ಹೇಳಿತು. ಆ ದರ ಕೇಳಿ ಅಕ್ಕ, "ಅಷ್ಟರಾಗೆ ಇಟ್ಟಿಗೆ ಅಂಗಡಿನೇ ಕಟ್ಬೋದು, ಮಳೆ ಬಂದ್ರೆ ಒಳಗೆ ನಿಂತ್ಕೋಬೋದು" ಅಂದು ಅದನ್ನು ಅಲ್ಲಿಗೇ ಬಿಟ್ಟರು. ಇನ್ನೊಂದು, ಸಾವಿರಾರು ಮಂದಿ ಒಟ್ಟಿಗೆ ಕೂತು ಮಾರುವ ದೊಡ್ಡ ಜಾಲತಾಣ. ಅದು ಸುಲಭವಿತ್ತು, ನನಗೆ ಅದೇ ಸರಿ ಅನ್ನಿಸಿತ್ತು. ಅಕ್ಕ ಮಳಿಗೆ ಬಾಡಿಗೆಗೆ ನೋಡಲು ಬಂದವರ ಹಾಗೆ ಕೇಳತೊಡಗಿದರು. ಮಾಲೀಕ ಯಾರು, ಯಾವ ಊರವನು, ಎದುರಿಗೆ ಯಾರ ಅಂಗಡಿ, ಪಕ್ಕದಲ್ಲಿ ಯಾರು ಕೂರುತ್ತಾರೆ.

"ಪಕ್ಕ ಅಂತೇನೂ ಇರಲ್ಲಕ್ಕ. ಮೊಳಕಾಲ್ಮೂರು ಸೀರೆ ಅಂತ ಹುಡುಕಿದ್ರೆ ಎಲ್ಲರದ್ದೂ ಸಾಲಾಗಿ ಬರ್ತಾವೆ."

"ಹುಡುಕು ನೋಡಾನ."

ಹುಡುಕಿದೆ. ತುಂಬಾ ಹೊತ್ತಿನ ಮೇಲೆ ಚಿತ್ರಗಳು ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಬಿಚ್ಚಿಕೊಂಡವು. ಎಲ್ಲದರ ಕೆಳಗೂ ಮೊಳಕಾಲ್ಮೂರು ಎಂದೇ ಹೆಸರು. ಒಂದೂ ಮೊಳಕಾಲ್ಮೂರಿನದಲ್ಲ. ಬೆಲೆ ಅಕ್ಕನ ಸೀರೆಯ ಕಾಲು ಭಾಗ. ಅವರು ಮುಂದಕ್ಕೆ ಬಾಗಿ, ತಡೆಯಲಾರದೆ, ಪರದೆಯ ಗಾಜಿನ ಮೇಲೆ ಅಂಗೈ ಹಿಂಭಾಗ ಇಟ್ಟರು. ಗಾಜು ಬೆಚ್ಚಗಿತ್ತು ಅಷ್ಟೆ.

"ಮುಟ್ಟಿ ನೋಡಾಕೆ ಬರಲ್ಲ," ಅಂದರು. "ಇವರ ಪಕ್ಕದಾಗೆ ಕೂತ್ರೆ ನಂದು ಬ್ಯಾರೆ ಅಂತ ಯಾರಿಗೆ ತಿಳೀತೈತೆ? ಬ್ಯಾಡ ತಮ್ಮಾ, ಒಂಟಿ ಅಂಗಡಿನೇ ನೋಡು."

ಕೊನೆಗೆ ಸಿಕ್ಕಿದ್ದು ಯಾವುದೋ ದೇಶದ ಒಂದು ಕಂಪನಿ ಪುಕ್ಕಟೆಯಾಗಿ ಕೊಡುತ್ತಿದ್ದ ಸಿದ್ಧ ಅಂಗಡಿ. ನಾವು ಚಿತ್ರ ಹಾಕಬೇಕು, ಬೆಲೆ ಹಾಕಬೇಕು, ಎಷ್ಟಿವೆ ಅಂತ ಹಾಕಬೇಕು, ಉಳಿದದ್ದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಬಾಡಿಗೆ ಇಲ್ಲ, ಪುಟದ ಮೇಲ್ಭಾಗದಲ್ಲಿ ಅವರು ತಮ್ಮ ಜಾಹೀರಾತು ಹಾಕಿಕೊಳ್ಳುತ್ತಾರೆ. ಪುಕ್ಕಟೆ ಅಂದ ಕೂಡಲೇ ಅಕ್ಕನ ಹುಬ್ಬು ಗಂಟಾಯಿತು. ಬಾಡಿಗೆ ತಗೊಳ್ಳದ ಮಾಲೀಕ ಯಾವತ್ತು ಎದ್ದೇಳು ಅಂತಾನೋ ಗೊತ್ತಿಲ್ಲ ಅಂದರು. ಆದರೆ ಬೇರೆ ದಾರಿ ಇರಲಿಲ್ಲ. ಒಪ್ಪಿಕೊಂಡರು. ಮೊದಲ ಸಲ ಪುಟ ತೆರೆದಾಗ ಮೇಲೆ ಬಂದದ್ದು ತೂಕ ಇಳಿಸುವ ಜಾಹೀರಾತು, ತುಂಡು ಬಟ್ಟೆಯ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನನಗೆ ನಾಚಿಕೆಯಾಗಿ ಪರದೆಗೆ ಅಡ್ಡ ನಿಂತೆ. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ನೋಡಿ, "ಪಾಪ, ಮೊದಲ ಗಿರಾಕಿ ಇವಳೇ. ಇವಳಿಗೊಂದು ಉಡಿಸಿ ಕಳ್ಸು" ಅಂದರು.

ಚಳ್ಳಕೆರೆಯ ಫೋಟೋ ಸ್ಟುಡಿಯೋದವನಿಂದ ಡಿಜಿಟಲ್ ಕ್ಯಾಮೆರಾ ಕೇಳಿ ತಂದು, ಅಕ್ಕನ ಹಿತ್ತಲಲ್ಲಿ ಹಗ್ಗ ಕಟ್ಟಿ, ಇಪ್ಪತ್ತರ ಹತ್ತಿರ ಸೀರೆಗಳ ಚಿತ್ರ ತೆಗೆದೆವು. ಅಂಜಿನಪ್ಪ, ಲಕ್ಷ್ಮಮ್ಮ ಇಬ್ಬರೂ ಬಂದಿದ್ದರು. ತಾವು ನೇಯ್ದದ್ದನ್ನು ಹೀಗೆ ಬಿಸಿಲಿನಲ್ಲಿ ಪೂರ್ತಿ ಬಿಡಿಸಿ ದೂರದಿಂದ ಅವರು ನೋಡಿದ್ದೇ ಇಲ್ಲವಂತೆ. ಮಗ್ಗದ ಮುಂದೆ ಮೊಳದಷ್ಟು ಮಾತ್ರ ಕಾಣುತ್ತದೆ, ನೇಯ್ದದ್ದು ನೇಯ್ದ ಹಾಗೆ ಸುತ್ತಿಕೊಂಡು ಹೋಗುತ್ತದೆ. ಲಕ್ಷ್ಮಮ್ಮ ಒಂದು ಹಸಿರು ಸೀರೆಯ ಎದುರು ನಿಂತು, "ಇದಿ ಮನದೇನಾ?" ಅಂತ ಗಂಡನನ್ನು ಕೇಳಿದಳು, ಇದು ನಮ್ಮದೇನಾ ಅಂತ. ನನಗೆ ಅವತ್ತು ಏನೋ ದೊಡ್ಡ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತ್ತು.

ಎಡವಟ್ಟಾದದ್ದು ಎಷ್ಟಿವೆ ಅನ್ನುವ ಖಾನೆಯಲ್ಲಿ.

"ಒಂದೊಂದೇ ಅಲ್ವಾ ಅಕ್ಕ ಇರೋದು. ಒಂದು ಅಂತ ಹಾಕ್ತೀನಿ. ಮಾರಾಟ ಆದ ತಕ್ಷಣ ಅದೇ ಸೊನ್ನೆ ಆಗ್ತೈತೆ. ಚಿತ್ರದ ಮ್ಯಾಲೆ ಇಲ್ಲ ಅಂತ ಕೆಂಪು ಅಕ್ಷರ ಬರ್ತೈತೆ."

ಅಕ್ಕ ಸ್ಟೂಲನ್ನು ಹಿಂದಕ್ಕೆ ಎಳೆದರು. "ನನ್ನ ಅಂಗಡಿ ಬಾಗ್ಲಾಗೆ ಕೆಂಪಕ್ಷರದಾಗೆ ಇಲ್ಲ ಅಂತ ಬರಸ್ತೀಯಾ?"

"ನಾನು ಬರ್ಸಲ್ಲಕ್ಕ, ಅದೇ ಬರ್ಕೊಂತೈತೆ."

"ಬರ್ಕಳದಂಗೆ ಮಾಡು."

ಗಿರಾಕಿ ಕೇಳಿದಾಗ ಅವರ ಕಣ್ಣು ನೋಡಿ ಬರ್ತಾ ಐತೆ ಅನ್ನುವುದು ಬೇರೆ, ಇದು ಯಂತ್ರ, ಇದಕ್ಕೆ ಲೆಕ್ಕ ಒಂದೇ ಗೊತ್ತು ಅಂತ ಎಷ್ಟೋ ಹೇಳಿದೆ. ಇಲ್ಲ ಅಂತ ಬರೆದ ಬಾಗಿಲಿಗೆ ಎರಡನೇ ಸಲ ಯಾರು ಬರ್ತಾರೆ ಅನ್ನುವುದು ಅವರ ವಾದ. ಸೀರೆ ಮುಗಿದರೇನು, ನೂಲು ಇದೆ, ಮಗ್ಗ ಇದೆ, ಅಂಜಿನಪ್ಪ ಇದ್ದಾರೆ, ಮತ್ತೆ ಇಲ್ಲ ಅನ್ನುವುದು ಯಾವ ನ್ಯಾಯ? ಕೊನೆಗೆ ಅವರೇ ತೀರ್ಮಾನ ಕೊಟ್ಟರು. "ನೂರೊಂದು ಹಾಕು. ಎಲ್ಲಾದಕ್ಕೂ ನೂರೊಂದು ಹಾಕು." ಮುಯ್ಯಿ ಮಾಡುವವರ ಹಾಗೆ, ಶುಭಕ್ಕೆ ಒಂದು ಜಾಸ್ತಿ. ನಾನು ಹಾಕಿದೆ. ಇಡೀ ಮೊಳಕಾಲ್ಮೂರಿನಲ್ಲಿ ಉಳಿದಿದ್ದ ಒಂದೇ ಒಂದು ಮೂರು ಲಾಳಿ ಮಗ್ಗದ ಮೇಲೆ, ಇಪ್ಪತ್ತು ಸೀರೆಗೂ ತಲಾ ನೂರೊಂದು.

ಮೊದಲ ಆರ್ಡರು ಪುಣೆಯಿಂದ ಬಂತು. ಹಣವನ್ನು ಕಾರ್ಡಿನಲ್ಲಿ ತೆಗೆದುಕೊಳ್ಳುವ ವ್ಯವಸ್ಥೆಗೆ ನಮ್ಮಂಥವರನ್ನು ಆಗ ಯಾವ ಬ್ಯಾಂಕೂ ಹತ್ತಿರ ಸೇರಿಸುತ್ತಿರಲಿಲ್ಲ. ಹಾಗಾಗಿ ವಿ.ಪಿ. ಪಾರ್ಸೆಲ್ಲೇ ಗತಿ, ಅಂಚೆಯವನು ಗಂಟು ಕೊಟ್ಟು ಅಲ್ಲೇ ದುಡ್ಡು ಪಡೆಯುವುದು. ಅಕ್ಕ ಆ ಸೀರೆಯ ಮಡಿಕೆಯಲ್ಲಿ ಅರಿಶಿನ ಕುಂಕುಮದ ಪೊಟ್ಟಣ ಇಟ್ಟು, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ತಾವೇ ಅಂಚೆ ಕಚೇರಿವರೆಗೂ ಹೊತ್ತು ಹೋದರು. ಎರಡು ವಾರಕ್ಕೆ ಆ ಹೆಣ್ಣುಮಗಳು ಅಂಗಡಿಯ ಫೋನಿಗೆ ಮಾತಾಡಿದಳು. ಕನ್ನಡದವಳೇ. ಸೀರೆ ಉಟ್ಟೆ, ನಮ್ಮತ್ತೆಗೂ ಒಂದು ಬೇಕು ಅಂದಳು. ಅಕ್ಕ ಆ ಸುದ್ದಿ ಹೇಳಲು ಮರುದಿನ ಬಸ್ಸು ಹತ್ತಿ ಚಳ್ಳಕೆರೆಗೆ ಬಂದರು. ಫೋನ್ ಮಾಡಬಹುದಿತ್ತಲ್ಲ ಅಂದರೆ, "ಇದನ್ನ ಫೋನಿನಾಗೆ ಹೇಳ್ತಾರಾ?" ಅಂದರು.

ಸ್ವಲ್ಪ ದಿನ ಹೀಗೆ ಹದವಾಗಿ ನಡೆಯಿತು. ತಿಂಗಳಿಗೆ ಒಂದು, ಎರಡು. ಅಂಜಿನಪ್ಪ ಮಗ್ಗದ ಮರ ಮಾರುವ ಮಾತು ಬಿಟ್ಟ. ಲಕ್ಷ್ಮಮ್ಮ ನನ್ನನ್ನು ಕಂಡರೆ, "ಕಂಪ್ಯೂಟರ್ ಬಾಬು ವಚ್ಚಾಡು", ಬಾಬು ಬಂದ ಅಂತ ಹೇಳಿ, ಒಳಗಿನಿಂದ ಮಜ್ಜಿಗೆ ತಂದು ಕೊಡುತ್ತಿದ್ದಳು. ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಇಂಟರ್ನೆಟ್ಟಿನಲ್ಲಿ ಸೀರೆಗಳ ಬಗ್ಗೆ ಬರೆಯುವ ಯಾರೋ ಒಬ್ಬರು ನಮ್ಮ ಅಂಗಡಿಯ ವಿಳಾಸ ಹಾಕಿ ಹೊಗಳಿಬಿಟ್ಟರು. ದೀಪಾವಳಿಗೆ ಇನ್ನೂ ಟೈಮಿತ್ತು. ಒಂದು ಬೆಳಿಗ್ಗೆ ತೆರೆದು ನೋಡಿದರೆ ಹನ್ನೆರಡು ಆರ್ಡರು. ವಾರ ಕಳೆಯುವಷ್ಟರಲ್ಲಿ ನಲವತ್ತು ದಾಟಿತು. ಅರ್ಧಕ್ಕರ್ಧ ಆ ಹಸಿರು ಸೀರೆಗೇ. ಆ ಹಸಿರು ಸೀರೆ ಇದ್ದದ್ದು ಒಂದು, ಅದೂ ಮಾರಿಹೋಗಿ ಎಷ್ಟೋ ಕಾಲವಾಗಿತ್ತು. ನಾನು ಮೊಳಕಾಲ್ಮೂರಿಗೆ ಓಡಿದೆ.

"ಅಕ್ಕಾ, ಕಾಲಿಗೆ ಬೀಳ್ತೀನಿ, ಸೊನ್ನೆ ಹಾಕ್ತೀನಿ. ಒಂದೂವರೆ ವರ್ಷಕ್ಕಾಗೋವಷ್ಟು ಬಂದೈತೆ."

"ಬಂದೋರ್ನ ಕಳಿಸ್ತಾರೇನೋ? ಮಗ್ಗಕ್ಕೆ ಕೆಲ್ಸ ಇಲ್ಲ ಅಂತ ಅಳ್ತಿದ್ವಿ. ಈಗ ಕೆಲಸ ಬಂದ್ರೂ ಅಳಾದಾ?"

ಬೇರೆ ನೇಕಾರರನ್ನು ಕೇಳಿದರು. ಮೂರು ಲಾಳಿ ಕೈಬಿಟ್ಟು ಎಷ್ಟೋ ವರ್ಷವಾಯಿತು, ಜೊತೆಗೆ ಕೂರುವವರೂ ಇಲ್ಲ ಅಂದರು. ಸರಿ, ಎಲ್ಲವೂ ಅಂಜಿನಪ್ಪನ ಮಗ್ಗಕ್ಕೇ ಹೋಯಿತು. ಗಂಡಹೆಂಡತಿ ಬೆಳಕು ಹರಿಯುವ ಮುಂಚೆ ಗುಂಡಿಗಿಳಿದರೆ ದೀಪ ಹಚ್ಚಿದ ಮೇಲೂ ಏಳುತ್ತಿರಲಿಲ್ಲ. ಅಂಗಡಿಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ನನ್ನ ಸೀರೆ ಎಲ್ಲಿ ಅಂತ ಮುಂಬೈಯಿಂದ, ಹೈದರಾಬಾದಿನಿಂದ. ಹಿಂದಿಯಲ್ಲಿ ಬೈದದ್ದು ಅಕ್ಕನಿಗೆ ತಿಳಿಯುತ್ತಿರಲಿಲ್ಲ. ನಾನಿದ್ದಾಗ ಫೋನು ನನ್ನ ಕೈಗೆ ಕೊಟ್ಟು, "ಏನಂತಾರೆ?" ಅಂತ ಕೇಳುವರು. "ಬೇಗ ಕಳ್ಸಿ ಅಂತಾರಕ್ಕ" ಅಂದುಬಿಡುತ್ತಿದ್ದೆ. ಮೋಸಗಾರರು ಅನ್ನುತ್ತಿದ್ದಾರೆ ಅಂತ ಅವರ ಮುಖ ನೋಡಿ ಹೇಗೆ ಹೇಳಲಿ? ಅವರು ಫೋನು ತೆಗೆದುಕೊಂಡು ಕನ್ನಡದಲ್ಲೇ, "ಮಗ್ಗದ ಮ್ಯಾಲೈತಮ್ಮಾ" ಎನ್ನುವರು.

ಅಂಥದೇ ಒಂದು ದಿನ ಅಂಜಿನಪ್ಪ ಬಟ್ಟೆಯಲ್ಲಿ ಸುತ್ತಿಕೊಂಡು ಸೀರೆ ತಂದ. ಒಂದಲ್ಲ, ಮೂರು. ಮೂರೂ ಆ ಹಸಿರು. ಹಿಂದಿನ ಸೀರೆ ಕೊಟ್ಟು ಹೋಗಿ ಇನ್ನೂ ಹತ್ತು ಹನ್ನೆರಡು ದಿನವಾಗಿತ್ತಷ್ಟೆ. ನನಗೆ ಖುಷಿಯಾಯಿತು. ಅಕ್ಕ ಮಡಿಕೆಯೊಳಗೆ ಕೈ ತೂರಿಸಿದರು. ಎಂದಿಗಿಂತ ಹೆಚ್ಚು ಹೊತ್ತು ಇಟ್ಟುಕೊಂಡರು. ಎರಡನೆಯದನ್ನೂ ನೋಡಿದರು. ಮೂರನೆಯದನ್ನು ಮುಟ್ಟಲಿಲ್ಲ.

"ಅಂಜಿನಪ್ಪಾರೆ, ಎಲ್ಲಿಂದ ತಂದ್ರಿ ಇವನ್ನ?"

ಅಂಜಿನಪ್ಪ ಬಾಗಿಲ ಹತ್ತಿರವೇ ಕೂತಿದ್ದವನು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ.

"ಗಡಿ ಆ ಕಡೆಯಿಂದ ತಂದೆ ಅಮ್ಮಾ. ಪವರ್‌ಲೂಮುದು. ನಮ್ಮ ಸೀರೆ ತೋರ್ಸಿ ಹಂಗೇ ಮಾಡ್ಸಿದೆ."

"ದುಡ್ಡು ಯಾರು ಕೊಟ್ರು?"

"ನಾನೇ."

"ಯಾಕಂಗೆ ಮಾಡಿದ್ರಿ?"

"ನಿಮಗೆ ಇಲ್ಲ ಅನ್ನಾಕೆ ಬರಲ್ಲ. ನಂಗೆ ಬಿರ್ರನೆ ನೇಯಾಕೆ ಬರಲ್ಲ. ಏಮಿ ಚೇಸೇದಿ ಅಮ್ಮಾ, ಏನ್ ಮಾಡ್ಲಿ ನಾನು?" ಅಂದ. ಆಮೇಲೆ ಮೆಲ್ಲಗೆ, "ಲಕ್ಷ್ಮಿ ಎದ್ದೇಳ್ತಿಲ್ಲ. ಸೊಂಟ ಹಿಡ್ಕಂಡೈತೆ. ಹತ್ತು ದಿನ ಆಯ್ತು ಮಗ್ಗ ನಿಂತು. ನಿಮಗೆ ಹೆಂಗೆ ಹೇಳಾದು ಅಂತ ಹೇಳ್ಲಿಲ್ಲ" ಅಂದ.

ಯಾರಿಗೆ ಬೈಯಲಿ ನಾನು? ಎದುರಿಗಿದ್ದ ಇಬ್ಬರೂ ಒಬ್ಬರ ಮಾತು ಒಬ್ಬರು ಉಳಿಸಲು ಹೋಗಿ ಹೀಗೆ ಕೂತಿದ್ದರು. ಮಗ್ಗ ನಿಲ್ಲಬಾರದು ಅಂತ ಕಟ್ಟಿದ ಅಂಗಡಿಯೇ ಮಗ್ಗ ನಿಲ್ಲಿಸಿತ್ತು. ಅಕ್ಕ ಆ ಮೂರು ಸೀರೆಗಳನ್ನು ಅದೇ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಎದ್ದು ಚಪ್ಪಲಿ ಮೆಟ್ಟಿಕೊಂಡು, ಲಕ್ಷ್ಮಮ್ಮನನ್ನು ನೋಡಿಕೊಂಡು ಬಂದರು. ಬಂದವರು ನನಗೆ, "ನಡಿ, ಚಳ್ಳಕೆರೆಗೆ ಹೋಗಾನ. ಸೊನ್ನೆ ಹಾಕು" ಅಂದರು.

ಖಾಸಗಿ ಬಸ್ಸು ಸಿಕ್ಕಿತು. ತಳಕಿನ ಹತ್ತಿರ ಟೈರು ಪಂಕ್ಚರಾಗಿ ಎಲ್ಲರನ್ನೂ ಇಳಿಸಿದರು. ರಸ್ತೆ ಪಕ್ಕದ ಅಂಗಡಿಯ ಬೆಂಚಿನ ಮೇಲೆ ಕೂತೆವು. ಅಂಗಡಿಯವನ ಹತ್ತಿರ ಒಬ್ಬ ಹೆಂಗಸು ಬಂದು ಬೆಂಕಿಪೊಟ್ಟಣ ಕೇಳಿದಳು. ಅವನು ಬೀಡಿ ಕಟ್ಟು ಬಿಚ್ಚುತ್ತ ತಲೆ ಎತ್ತದೆ "ಇಲ್ಲ" ಅಂದ. ಅವಳು ಮುಂದಿನ ಅಂಗಡಿಗೆ ಹೋದಳು. ಅಕ್ಕ ಅವನನ್ನೇ ನೋಡುತ್ತಿದ್ದರು. "ಎಷ್ಟು ಸಲೀಸಾಗಿ ಅಂದ ನೋಡು," ಅಂದರು.

ಸೆಂಟರಿಗೆ ಬಂದು ಅಂಗಡಿಯ ಒಳಗೆ ಹೋಗಲು ಪಾಸ್‌ವರ್ಡ್ ಹಾಕಿದೆ. ತೆಗೆಯಲಿಲ್ಲ. ಮತ್ತೆ ಹಾಕಿದೆ. ಅಲ್ಲೊಂದು ಇಂಗ್ಲಿಷ್ ಸೂಚನೆ ಬಂತು. ಆ ಪುಕ್ಕಟೆ ಕಂಪನಿಯನ್ನು ಅದೇ ವಾರ ಇನ್ನೊಂದು ಕಂಪನಿ ಕೊಂಡಿತ್ತು. ಹಳೆಯ ಅಂಗಡಿಗಳವರ ಪಾಸ್‌ವರ್ಡು ಇನ್ನು ನಡೆಯುವುದಿಲ್ಲ, ಹೊಸದು ಬೇಕಾದವರು ನಮಗೆ ಬರೆಯಿರಿ ಅಂತ. ಬರೆದೆ. ನಿಮ್ಮ ಪತ್ರ ತಲುಪಿದೆ ಅಂತ ಆ ಕ್ಷಣವೇ ಉತ್ತರ ಬಂತು. ಅದು ಯಂತ್ರ ಬರೆದ ಉತ್ತರ. ಮನುಷ್ಯರ ಉತ್ತರ ಯಾವತ್ತೂ ಬರಲಿಲ್ಲ. ತಿಂಗಳುಗಟ್ಟಲೆ ಬರೆದೆ. ಬೇಡಿಕೊಂಡು ಬರೆದೆ, ಸಿಟ್ಟಿನಲ್ಲಿ ಬರೆದೆ, ಒಮ್ಮೆ ಕುಡಿದವನ ಹಾಗೆ ಕನ್ನಡದಲ್ಲೂ ಬರೆದೆ. ಪ್ರತಿ ಸಲವೂ ನಿಮ್ಮ ಪತ್ರ ತಲುಪಿದೆ.

"ಏನಾಗೈತೆ ತಮ್ಮಾ?" ಅಂತ ಅಕ್ಕ ಕೇಳಿದರು.

"ಒಳಗೆ ಬಿಡ್ತಿಲ್ಲ ಅಕ್ಕಾ."

"ಬಾಗ್ಲಾದ್ರೂ ಹಾಕಾಕೆ ಬರ್ತೈತಾ?"

"ಅದೂ ಒಳಗಿಂದ್ಲೇ ಹಾಕ್ಬೇಕು."

ಹೊರಗಿನವರಿಗೆ ಮಾತ್ರ ಅಂಗಡಿ ಸೊಗಸಾಗಿ ತೆರೆದೇ ಇತ್ತು. ಇಪ್ಪತ್ತು ಸೀರೆ, ತಲಾ ನೂರೊಂದರಲ್ಲಿ ಆರ್ಡರು ಕಳೆದು ಉಳಿದ ಲೆಕ್ಕದಲ್ಲಿ, ಕೆಳಗೆ ಅಕ್ಕನ ಅಂಗಡಿಯ ಫೋನ್ ನಂಬರು. ಮೇಲೆ ತೂಕ ಇಳಿಸಿಕೊಂಡ ಹುಡುಗಿ.

ಲಕ್ಷ್ಮಮ್ಮನ ಸೊಂಟ ಸರಿಹೋಯಿತು, ಆದರೆ ಗುಂಡಿಗೆ ಇಳಿದು ಕೂರುವಷ್ಟು ಆಗಲಿಲ್ಲ. ಒಬ್ಬನೇ ಮೂರು ಲಾಳಿ ಆಡಿಸಲಾಗುವುದಿಲ್ಲ. ಅಬ್ಬಾನಿಗೆ ಪರಿಚಯವಿದ್ದ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಅಂಜಿನಪ್ಪನಿಗೆ ಗೇಟು ಕಾಯುವ ಕೆಲಸ ಕೊಡಿಸಿದೆ. ಗಂಡಹೆಂಡತಿ ಚಳ್ಳಕೆರೆಗೆ ಬಂದರು. ಮಗ್ಗದ ಮರವನ್ನು ಅಕ್ಕನೇ ಕೊಂಡು, ಬಿಚ್ಚಿಸಿ ತಂದು, ತಮ್ಮ ಮನೆಯ ಅಟ್ಟದ ಮೇಲೆ ಹಾಕಿಸಿಕೊಂಡರು. ಮಾತು ಕೊಟ್ಟಿದ್ದೆ, ಉಳಿಸಿಕೊಳ್ಳಲಾಗಲಿಲ್ಲ ಅಂತ ಅಂಜಿನಪ್ಪನ ಎದುರು ಕೈಮುಗಿದರು. ಅವನು ಆ ಕೈ ಹಿಡಿದುಕೊಂಡು ಬೇಡ ಬೇಡ ಅನ್ನುತ್ತಿದ್ದ. ನನಗೆ ನೋಡಲಾಗದೆ ಹೊರಗೆ ಬಂದೆ.

ಆಮೇಲೆ ಅಕ್ಕ ಒಬ್ಬರೇ ಕೂತು ಫೋನಿಗೆ ಉತ್ತರ ಕೊಡತೊಡಗಿದರು. ಇಲ್ಲ ಅನ್ನಲೇಬೇಕಿತ್ತು. ಮೊದಲ ಸಲ ಆ ಮಾತು ಆಡುವಾಗ ತಂಗಿಯನ್ನು ಒಳಗೆ ಕಳಿಸಿ, ದೇವರ ಪಟದ ಕಡೆಗೆ ಬೆನ್ನು ಹಾಕಿಕೊಂಡು ಆಡಿದರಂತೆ. ಆ ತಂಗಿ ಅವರ ಜೊತೆಯಲ್ಲೇ ಇದ್ದವರು, ನನಗೆ ಹೇಳಿ ನಕ್ಕರು. ದಿನ ಕಳೆದ ಹಾಗೆ ಅಭ್ಯಾಸವಾಯಿತು. "ಇಲ್ಲಮ್ಮಾ, ಮುಗಿದೈತೆ" ಅಂದು ಅಷ್ಟಕ್ಕೇ ಇಡದೆ, ಯಾವೂರು, ಯಾರ ಮದುವೆಗೆ, ನಿನ್ನ ಬಣ್ಣ ಕೆಂಪೋ ಕಪ್ಪೋ ಅಂತ ವಿಚಾರಿಸುವರು. ಕೈಮಗ್ಗದ ಸೀರೆ ಅಂತ ಯಾರಾದರೂ ಕೊಟ್ಟರೆ ಅಂಗೈ ಹಿಂದುಗಡೆಯಿಂದ ಮುಟ್ಟಿ ನೋಡು ಅಂತ ಹೇಳಿಕೊಡುವರು. ಪುಣೆಯ ಆ ಹುಡುಗಿ ಹಬ್ಬಕ್ಕೆಲ್ಲ ಫೋನ್ ಮಾಡುತ್ತಿದ್ದಳು. ವ್ಯಾಪಾರ ಪೂರ್ತಿ ನಿಂತುಹೋಗಿ, ಅಂಗಡಿಯ ಮುಂದಿನ ಬಾಗಿಲು ಹಾಕಿಸಿ, ಅವರ ಹತ್ತಿರ ಉಳಿದದ್ದು ಈ ಫೋನ್ ಒಂದೇ. ಬೈಯಲು ಫೋನ್ ಮಾಡಿದವರ ಜೊತೆಗೂ ಮಾತಾಡುತ್ತಿದ್ದರು.

ಎರಡು ಮೂರು ವರ್ಷ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿದರು. ದನಿ ಬಹಳ ಸಣ್ಣದಾಗಿತ್ತು, ಮೈ ಸರಿಯಿಲ್ಲ ಅಂತ ಅವರ ತಂಗಿ ಮೊದಲೇ ಹೇಳಿದ್ದರು.

"ತಮ್ಮಾ, ಒಬ್ರೂ ಫೋನ್ ಮಾಡ್ತಿಲ್ಲ ಕಣೋ, ಬಾಳ ದಿನ ಆಯ್ತು. ಅಂಗಡಿ ಐತಾ ನೋಡು."

ನೋಡಿದೆ. ಅಂಗಡಿ ಇರಲಿಲ್ಲ. ಹಸಿರು ಸೀರೆಯೂ ಇಲ್ಲ, ಹೆಸರೂ ಇಲ್ಲ, ನಂಬರೂ ಇಲ್ಲ. ಈ ಪುಟ ಸಿಗುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು, ಉಳಿದದ್ದೆಲ್ಲ ಬಿಳಿ. ಅಷ್ಟು ಬೇಡಿಕೊಂಡರೂ ಮುಚ್ಚದವರು, ಯಾರನ್ನೂ ಕೇಳದೆ ಅಳಿಸಿಹಾಕಿದ್ದರು. ಆ ಕಡೆಯಿಂದ ಅಕ್ಕನ ಉಸಿರು ಕೇಳುತ್ತಿತ್ತು.

"ಐತೆ ಅಕ್ಕಾ," ಅಂದೆ.

"ಎಲ್ಲಾ ಸೀರೆನೂ ಅದಾವಾ?"

"ಎಲ್ಲಾನೂ ಅದಾವೆ."

"ಹಂಗಾದ್ರೆ ಮಾಡ್ತಾರೆ ಬಿಡು," ಅಂದು ಫೋನ್ ಇಟ್ಟರು.

ಅವರು ಹೋದದ್ದು ಅದಾಗಿ ಒಂದೂವರೆ ತಿಂಗಳಿಗೆ. ಅಂಜಿನಪ್ಪ, ಲಕ್ಷ್ಮಮ್ಮ, ನಾನು ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು. ಮಣ್ಣು ಮಾಡಿ ಬಂದ ಮೇಲೆ ಅವರ ತಂಗಿ ನನಗೆ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು.

"ನೀನು ಐತೆ ಅಂದಿಯಂತಲ್ಲಪ್ಪ. ಅವತ್ತಿಂದ ಒಳಗೆ ಮಲಗ್ಲೇ ಇಲ್ಲ. ಫೋನಿನ ಪಕ್ಕದಾಗೇ ಚಾಪೆ ಹಾಕಿಸ್ಕಂಡ್ಲು. ಸ್ನಾನಕ್ಕೆ ಹೋಗ್ಬೇಕಾದ್ರೂ ನನ್ನ ಅಲ್ಲಿ ಕೂರ್ಸಿ ಹೋಗಳು, ಯಾರಾದ್ರೂ ಮಾಡಿದ್ರೆ ಇರು ಅನ್ನು, ಬಂದೆ ಅನ್ನು ಅಂತ."

ಆ ಒಂದೂವರೆ ತಿಂಗಳಲ್ಲಿ ಆ ಫೋನು ಒಂದು ಸಲವೂ ಬಡಿಯಲಿಲ್ಲ ಅಂತಲೂ ಅವರೇ ಹೇಳಿದರು.